ಹನ್ನೆರಡು ಮೈಲಿ ಉಳಿದಿತ್ತು

2014ರ ಅಕ್ಟೋಬರ್ 6, ಸೋಮವಾರ ಸಂಜೆ 5:40ಕ್ಕೆ ನಮ್ಮ ಎಲೆಕ್ಟ್ರಿಕ್ ಕಾರು ಅಮೆರಿಕದ ರೆಂಟನ್ನಿನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಬಂದು ನಿಂತಿತು. ಚಕ್ರದ ಕೆಳಗಿನ ಒದ್ದೆ ಎಲೆಗಳ ಸದ್ದು ನಿಂತಾಗಲೇ ಅದು ನಿಂತಿದೆ ಎಂದು ಗೊತ್ತಾದದ್ದು. ಡೀಲರು ಒಂದು ವರ್ಷ ಡೆಮೊಗೆಂದು ಓಡಿಸಿದ್ದ ಕಾರಾದ್ದರಿಂದ ಅಗ್ಗಕ್ಕೆ ಸಿಕ್ಕಿತ್ತು. ಓಡೋಮೀಟರ್ 3,118 ತೋರಿಸುತ್ತಿತ್ತು. ಪೂರ್ತಿ ಚಾರ್ಜ್ ಆದರೆ 84 ಮೈಲಿ. ಎರಡನ್ನೂ ಬರೆದುಕೊಂಡೆ.

ಅಕ್ಕ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಆಯುಧಪೂಜೆ ಮುಗಿದು ಮೂರು ದಿನ ಆದ್ಮೇಲೆ ಗಾಡಿ ತಂದಿದೀಯಲ್ಲೇ, ನಿನಗೆ ಕ್ಯಾಲೆಂಡರ್ ಯಾಕೆ ಬೇಕು?" ಎಂದಳು.

ಹಳೆಯ ಪೆಟ್ರೋಲ್ ಕಾರು ಸೆಪ್ಟೆಂಬರಿನಲ್ಲಿ ಏರಿನ ಮಧ್ಯೆ ನಿಂತು, ಮತ್ತೆ ಏಳಲಿಲ್ಲ. ಆ ಕಾರಿನ ಕಡೆಯ ಹನ್ನೆರಡು ತಿಂಗಳ ಲೆಕ್ಕ ನನ್ನಲ್ಲಿತ್ತು: ಪೆಟ್ರೋಲಿಗೆ ತಿಂಗಳಿಗೆ ಸರಾಸರಿ 148 ಡಾಲರ್, ರಿಪೇರಿಗೆ ಅದಕ್ಕಿಂತ ಹೆಚ್ಚು. ಹೊಸದನ್ನು ಮೂರು ವರ್ಷದ ಲೀಸಿಗೆ ತೆಗೆದುಕೊಂಡಿದ್ದೆ, ತಿಂಗಳಿಗೆ 199 ಡಾಲರ್ ಬಾಡಿಗೆ. ನಾನು ಸಾಫ್ಟ್‌ವೇರ್ ಟೆಸ್ಟರ್ ಆಗಿ ಕೆಲಸ ಮಾಡುತ್ತಿದ್ದ ಫ್ರೀಮಾಂಟಿನ ಆಫೀಸಿನಲ್ಲಿ ಚಾರ್ಜಿಂಗ್ ಉಚಿತ. ಮನೆಯಿಂದ ಅಲ್ಲಿಗೆ ಹದಿನಾಲ್ಕು ಮೈಲಿ, ಹೋಗಿಬಂದರೆ ಇಪ್ಪತ್ತೆಂಟು. ನಾವಿದ್ದದ್ದು ಎರಡನೇ ಮಹಡಿ. ಕಾರು ನಿಲ್ಲಿಸುವ ಕಡೆ ಪ್ಲಗ್ ಪಾಯಿಂಟ್ ಇರಲಿಲ್ಲ. ಎರಡು ದಿನಕ್ಕೊಮ್ಮೆ ಆಫೀಸಿನಲ್ಲಿ ಚಾರ್ಜ್ ಮಾಡಿದರೆ ಸಾಕು ಎಂದು ಕಾಗದದ ಮೇಲೆ ಕೂಡಿ ಕಳೆದು ಕಂಡುಕೊಂಡಿದ್ದೆ. ಮೊದಲ ತಿಂಗಳು 612 ಮೈಲಿ ಓಡಿಸಿದೆ. ಪೆಟ್ರೋಲ್ ಬಂಕಿನ ಎದುರು ಹಾದುಹೋದದ್ದು ಐವತ್ತಕ್ಕೂ ಹೆಚ್ಚು ಸಲ, ಒಳಗೆ ಹೋದದ್ದು ಒಂದೇ ಸಲ, ಅದೂ ಹಾಲು ತರಲು.

ಅಂಕಿಗಳಾಚೆ ನಾನು ಬರೆಯದೆ ಬಿಟ್ಟದ್ದೂ ಇದೆ. ಸಿಗ್ನಲ್ ಹಸಿರಾದಾಗ ಪೆಡಲ್ ಮೇಲೆ ಕಾಲಿಟ್ಟರೆ ಕಾರು ಯೋಚನೆಯನ್ನೇ ಮಾಡದೆ ಮುಂದಕ್ಕೆ ಹಾರುತ್ತಿತ್ತು. ಪಕ್ಕದ ದೊಡ್ಡ ಟ್ರಕ್ಕು ಗುಡುಗುವಷ್ಟರಲ್ಲಿ ನಾನು ಮುಂದಿನ ತಿರುವಿನಲ್ಲಿರುತ್ತಿದ್ದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಚಕ್ರದ ಓಟಕ್ಕೇ ಬ್ಯಾಟರಿ ತುಂಬಿ ಮೈಲಿಗಳು ವಾಪಸು ಬರುತ್ತಿದ್ದವು. ಮನೆ ಹತ್ತಿರದ ಇಳಿಜಾರಿಗೆ ಬಂದಾಗ 70 ಇದ್ದದ್ದು ತಳದಲ್ಲಿ 71 ಆದ ದಿನ ನಾನು ಒಬ್ಬಳೇ ಕಾರಿನಲ್ಲಿ ನಕ್ಕಿದ್ದೇನೆ.

ಕಾರು ತಂದ ವಾರದ ಶನಿವಾರ ದೇವಸ್ಥಾನದಲ್ಲಿ ಪೂಜೆ ಮಾಡಿಸಿದೆವು. ನಾಲ್ಕು ಚಕ್ರಗಳಡಿ ನಿಂಬೆಹಣ್ಣಿಟ್ಟು ಅರ್ಚಕರು, "ಸ್ಟಾರ್ಟ್ ಮಾಡಮ್ಮ" ಎಂದರು.

"ಮಾಡಿದೀನಿ."

"ಇಲ್ಲಮ್ಮ, ಇಂಜಿನ್ ಸ್ಟಾರ್ಟ್ ಮಾಡು. ಮಂತ್ರ ಮುಗೀತು, ನಾನು ಕಾಯ್ತಿದೀನಿ."

"ಇಂಜಿನ್ನೇ ಇಲ್ಲ, ಸ್ವಾಮಿ."

ಅವರು ಬಾನೆಟ್ಟಿಗೆ ಹಚ್ಚಿದ ಕುಂಕುಮವನ್ನೇ ಒಂದು ಕ್ಷಣ ನೋಡಿ, "ಹಂಗಾದ್ರೆ ಇದೆಲ್ಲ ಯಾವುದಕ್ಕೆ ಹಚ್ಚಿದೆ ನಾನು?" ಎಂದರು. ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮೈಸೂರಿನಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವಳು ಇಲ್ಲಿಗೆ ಬಂದ ಮೇಲೆ ಟಕ್ವಿಲಾದ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಅದರ ನಡುವೆಯೇ ಇಲ್ಲಿನ ಪರೀಕ್ಷೆಗಳನ್ನು ಮತ್ತೆ ಬರೆದು ಪಾಸಾಗಿದ್ದಳು. ಅಕ್ಟೋಬರ್ ಕೊನೆಯಲ್ಲಿ ಆಬರ್ನ್‌ನ ಆಸ್ಪತ್ರೆಯ ಲ್ಯಾಬಿನಿಂದ ಪತ್ರ ಬಂತು. ಬೆಳಿಗ್ಗೆ ಆರಕ್ಕೆ ಶುರುವಾಗುವ ಪಾಳಿ, ಡಿಸೆಂಬರ್ 1ರಿಂದ ಕೆಲಸ. ಆ ಹೊತ್ತಿಗೆ ಬಸ್ಸಿಲ್ಲದ ಕಾರಣ ನವೆಂಬರ್ ಮುಗಿಯುವುದರೊಳಗೆ ಡ್ರೈವಿಂಗ್ ಲೈಸನ್ಸ್ ತೋರಿಸಬೇಕೆಂದು ಅದರಲ್ಲಿತ್ತು.

ಅಕ್ಕ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದಳು. ಎರಡೂ ಸಲ ಹಳೆಯ ಕಾರಿನಲ್ಲಿ, ಎರಡೂ ಸಲ ಎರಡು ಕಾರುಗಳ ನಡುವೆ ಹಿಂದಕ್ಕೆ ಬಂದು ನಿಲ್ಲಿಸುವಾಗ. "ಅದು ಗುರ್ ಅಂದ್ರೆ ನನಗೆ ಎಲ್ಲಾ ಮರ್ತು ಹೋಗತ್ತೆ ಕಣೆ," ಎನ್ನುತ್ತಿದ್ದಳು. ಮೂರನೇ ಟೆಸ್ಟಿಗೆ ಸಿಕ್ಕ ದಿನ ನವೆಂಬರ್ 14, ಶುಕ್ರವಾರ, ಬೆಳಿಗ್ಗೆ ಒಂಬತ್ತು. ಅದು ಬಿಟ್ಟರೆ ಮುಂದಿನ ದಿನ ಇದ್ದದ್ದು ಡಿಸೆಂಬರಿನಲ್ಲಿ.

ಹೊಸ ಕಾರು ಗುರ್ ಎನ್ನುತ್ತಿರಲಿಲ್ಲ. ದಿನಾ ಸಂಜೆ ನಾನು ಗೋದಾಮಿನಿಂದ ಅಕ್ಕನನ್ನು ಹತ್ತಿಸಿಕೊಂಡ ಮೇಲೆ ಸ್ಟಿಯರಿಂಗ್ ಅವಳಿಗೆ ಕೊಡುತ್ತಿದ್ದೆ. ಮೊದಲ ವಾರ ರಿವರ್ಸ್ ಪಾರ್ಕಿಂಗ್ ಹತ್ತೊಂಬತ್ತು ಸಲ, ರಸ್ತೆಯಂಚಿನ ಕಲ್ಲಿಗೆ ತಗುಲಿದ್ದು ಹದಿಮೂರು ಸಲ. ಎರಡನೇ ವಾರ ಇಪ್ಪತ್ತೆರಡು, ತಗುಲಿದ್ದು ಏಳು. ನವೆಂಬರ್ ಎರಡನೇ ವಾರದ ಹೊತ್ತಿಗೆ ತಗುಲಿದ್ದು ಎರಡಕ್ಕೆ ಇಳಿದಿತ್ತು. ನಾನು ಅದನ್ನು ಜೋರಾಗಿ ಓದಿದರೆ ಅವಳು, "ನೀನು ಪಕ್ಕ ಕೂತು ಮಾರ್ಕ್ಸ್ ಹಾಕ್ತಿದೀಯಲ್ಲ, ಆ ಎರಡೂ ನಿನ್ನಿಂದಾನೇ ಆಗಿದ್ದು," ಎನ್ನುತ್ತಿದ್ದಳು.

ಆಫೀಸಿನ ಚಾರ್ಜರ್‌ಗಳ ವಿಷಯ ಹೇಳಬೇಕು. ಕಂಬಗಳು ನಾಲ್ಕು, ಎಲೆಕ್ಟ್ರಿಕ್ ಕಾರುಗಳು ಹದಿನಾಲ್ಕು. ಬೆಳಿಗ್ಗೆ ಎಂಟರಿಂದ ಹನ್ನೆರಡು ಒಂದು ಸರದಿ, ಹನ್ನೆರಡರಿಂದ ನಾಲ್ಕು ಇನ್ನೊಂದು. ಯಾರಿಗೆ ಯಾವ ದಿನ ಎಂಬ ಪಟ್ಟಿಯನ್ನು ಮಾಡಿದವಳೇ ನಾನು. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ನನ್ನದು. ಒಮ್ಮೆ ಅಮೆರಿಕನ್ ಸಹೋದ್ಯೋಗಿಯೊಬ್ಬ ನನ್ನ ಸರದಿ ಕೇಳಿದಾಗ ಪಟ್ಟಿ ತೋರಿಸಿದ್ದೆ. ಅವನು ಸರಿ ಎಂದು ಹೆಗಲು ಕುಣಿಸಿ ಹೋಗಿದ್ದ. ಇಬ್ಬರಿಗೂ ಬೇಸರವಾಗಿರಲಿಲ್ಲ.

ನವೆಂಬರ್ 13, ಗುರುವಾರ, 11:50. ನನ್ನ ಕಾರಿನಲ್ಲಿ 28 ಮೈಲಿ ಉಳಿದಿತ್ತು. ಕೀ ಹಿಡಿದು ಕೆಳಗೆ ಹೊರಟಿದ್ದೆ. ಲಿಫ್ಟಿನ ಹತ್ತಿರ ನಮ್ಮ ಟೀಮಿನ ಹಿರಿಯ ಇಂಜಿನಿಯರ್ ಸಿಕ್ಕರು. ಜಯನಗರದವರು, ನಾನು ಕೆಲಸಕ್ಕೆ ಸೇರಿದ ವಾರವೇ ಮನೆಗೆ ಕರೆದು ಬಿಸಿಬೇಳೆಭಾತ್ ಹಾಕಿದವರು.

"ಏನಮ್ಮ, ಊಟ ಆಯ್ತಾ?"

"ಇನ್ನೂ ಇಲ್ಲ ಸಾರ್."

"ಇವತ್ತೊಂದಿನ ನಿನ್ನ ಸ್ಲಾಟ್ ನನಗೆ ಕೊಡ್ತೀಯಾ? ಎವರೆಟ್ಟಲ್ಲಿ ಮಗಳ ಸ್ವಿಮ್ಮಿಂಗ್ ಕಾಂಪಿಟಿಷನ್ನು. ನಿನ್ನೆ ಚಾರ್ಜ್ ಮಾಡೋದೇ ಮರ್ತುಬಿಟ್ಟೆ."

"ಅಯ್ಯೋ, ಅದಕ್ಕೇನ್ ಸಾರ್. ತಗೊಳ್ಳಿ."

"ನಿನಗೇನೂ ತೊಂದ್ರೆ ಇಲ್ಲ ತಾನೆ?"

"ಏನಿಲ್ಲ ಸಾರ್, ಪರವಾಗಿಲ್ಲ."

ತೊಂದರೆ ಏನೆಂದು ನನಗೆ ಮೈಲಿ ಲೆಕ್ಕದಲ್ಲಿ ಗೊತ್ತಿತ್ತು. ನಾಳೆ ಅಕ್ಕನ ಟೆಸ್ಟ್ ಇದೆ ಎಂದು ಒಂದು ಮಾತು ಹೇಳಿದ್ದರೆ ಅವರೇ ಬೇಡ ಎನ್ನುತ್ತಿದ್ದರು. ಆದರೆ ಊಟ ಆಯಿತಾ ಎಂದು ಕನ್ನಡದಲ್ಲಿ ಕೇಳಿದವರ ಮುಂದೆ ಪಟ್ಟಿ ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಸಂಜೆ ಟಕ್ವಿಲಾದ ಮಾಲಿನ ಹತ್ತಿರವಿದ್ದ ಫಾಸ್ಟ್ ಚಾರ್ಜರಿಗೆ ಹೋದೆ. ಅರ್ಧ ಗಂಟೆಗೆ ಮುಕ್ಕಾಲು ಭಾಗ ತುಂಬುವಂಥದ್ದು. ನನಗಿಂತ ಮೊದಲು ಮೂರು ಕಾರುಗಳಿದ್ದವು. ಬೆಳಕಿರುವಾಗಲೇ ಕೊನೆಯ ಸಲ ಪಾರ್ಕಿಂಗ್ ಮಾಡಿ ನೋಡಬೇಕೆಂದು ಅಕ್ಕ ಗೋದಾಮಿನ ಬಾಗಿಲಲ್ಲಿ ಕಾಯುತ್ತಿದ್ದಳು. ಕೂತಲ್ಲೇ ಲೆಕ್ಕ ಹಾಕಿದೆ. ಮನೆ ಮುಟ್ಟಿದಾಗ 12 ಉಳಿಯುತ್ತದೆ. ಟೆಸ್ಟಿನ ಜಾಗಕ್ಕೆ ಎರಡು, ಟೆಸ್ಟಿಗೆ ಮೂರು, ಅಲ್ಲಿಂದ ಮತ್ತೆ ಈ ಚಾರ್ಜರಿಗೆ ಮೂರು, ಒಟ್ಟು ಎಂಟು. ನಾಲ್ಕು ಮೈಲಿ ಮಿಗುತ್ತದೆ. ಸಾಲಿನಿಂದ ಹೊರಗೆ ಬಂದುಬಿಟ್ಟೆ.

ಆ ವಾರವೇ ಚಳಿ ಬಿದ್ದಿತ್ತು. ಚಳಿಗೆ ಬ್ಯಾಟರಿ ಕುಗ್ಗುತ್ತದೆಂದು ಓದಿದ್ದೆ, ಕೂಡಿಸಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಕಾರು ಆನ್ ಮಾಡಿದರೆ 12 ಇದ್ದದ್ದು 10 ಆಗಿತ್ತು. ನಾನು ಹಳೆಯ ಕ್ರೆಡಿಟ್ ಕಾರ್ಡಿನಿಂದ ಗಾಜು ಕೆರೆಯತೊಡಗಿದೆ.

"ಹೀಟರ್ ಹಾಕೇ, ಕೈ ಸೆಟೆದು ಹೋಗ್ತಿದೆ," ಎಂದಳು ಅಕ್ಕ.

"ಹಾಕೋ ಹಂಗಿಲ್ಲ, ಅದೂ ಬ್ಯಾಟರೀನೇ ತಿನ್ನೋದು." ಆಗ ಎಲ್ಲವನ್ನೂ ಹೇಳಬೇಕಾಯಿತು.

ಅವಳು ಕೈ ಉಜ್ಜಿಕೊಂಡು ಕಾರು ಹತ್ತಿದಳು. ಆಮೇಲೆ, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಅಜ್ಜಿ ಹೇಳ್ತಿದ್ದಿದ್ದು ನಿನ್ನಂಥೋರಿಗೇ ಕಣೆ," ಎಂದು ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. "ನಡಿ. ಅವರ ಮಗಳು ಈಜಿದ್ಲು. ನಾವೂ ಈಜೋಣ."

ಟೆಸ್ಟಿನ ಜಾಗ ಮುಟ್ಟಿದಾಗ 8 ಉಳಿದಿತ್ತು. ಪರೀಕ್ಷೆ ಮಾಡುವಾಕೆ ಅಕ್ಕನನ್ನು ಹಿಂದಿನ ಎರಡು ಸಲವೂ ಫೇಲು ಮಾಡಿದವರೇ. ದಪ್ಪ ಕೋಟು ಹಾಕಿಕೊಂಡು, ಕೈಯಲ್ಲಿ ಕಾಗದದ ಹಲಗೆ ಹಿಡಿದು ಕಾರಿನ ಸುತ್ತ ಬಂದರು. ಇಂಡಿಕೇಟರ್ ಹಾಕಲು ಹೇಳಿದರು. ಬ್ರೇಕ್ ಲೈಟ್, ಹಾರ್ನ್, ವೈಪರ್ ಎಲ್ಲ ಆಯಿತು. ಆಮೇಲೆ ಗಾಜಿನ ಮಂಜು ಬಿಡಿಸುವ ಬಿಸಿಗಾಳಿ ಹಾಕಿ ತೋರಿಸಲು ಹೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಗುಂಡಿ ಒತ್ತಿದಳು. ಹೊರಗಿನಿಂದಲೇ ನನಗೆ ಅಂಕಿ ಕಾಣಿಸಿತು: 6. ಆಕೆ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಕಾರು ಸದ್ದಿಲ್ಲದೆ ಹೊರಟಿತು. ಬಿಸಿಗಾಳಿಯನ್ನು ಆರಿಸಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

9:07ರಿಂದ 9:31ರವರೆಗೆ ನಾನು ಚಾವಣಿಯ ಕೆಳಗೆ ನಿಂತಿದ್ದೆ. ಟೆಸ್ಟಿನ ಮಧ್ಯೆ ಕಾರು ನಿಂತರೆ ಫೇಲು ಎಂದು ಗೋಡೆಯ ಮೇಲಿನ ನಿಯಮಗಳಲ್ಲಿತ್ತು. ಅದನ್ನು ನಾಲ್ಕು ಸಲ ಓದಿದೆ. ಅವಳು ಒಂಬತ್ತು ವರ್ಷ ಮಾಡಿದ ಕೆಲಸಕ್ಕೆ ವಾಪಸು ಹೋಗುವ ದಾರಿಯನ್ನು ನಾನು ಲಿಫ್ಟಿನ ಬಾಗಿಲಲ್ಲಿ ಒಂದು "ಪರವಾಗಿಲ್ಲ"ಕ್ಕೆ ಕೊಟ್ಟಿದ್ದೆ. ಇಪ್ಪತ್ತನಾಲ್ಕು ನಿಮಿಷದ ನಂತರ ಕಾರು ತಿರುವಿನಲ್ಲಿ ಕಾಣಿಸಿತು. ಒಳಗೆ ಪರೀಕ್ಷೆ ಮಾಡುವಾಕೆ ನಗುತ್ತಿದ್ದರು. ನನಗೆ ಅರ್ಥವಾಗಲಿಲ್ಲ.

ಏನಾಯಿತೆಂದು ಅಕ್ಕ ಆಮೇಲೆ ಹೇಳಿದಳು. "ಸರಿಯಾಗಿ ಎರಡು ಕಾರಿನ ಮಧ್ಯ ಹಿಂದಕ್ಕೆ ಬರ್ತಿದೀನಿ. ಕಲ್ಲಿಗೆ ಇನ್ನೊಂದು ಗೇಣು. ಆಗ ಈ ನಿನ್ನ ಗಾಡಿ ಬಾಯಿಬಿಟ್ಟು, ಬ್ಯಾಟರಿ ಖಾಲಿ ಆಗ್ತಿದೆ, ಚಾರ್ಜರ್ ಹುಡುಕಲಾ ಅಂತ ಕೇಳ್ತು. ಆವಮ್ಮ ಬೆಚ್ಚಿಬಿದ್ದು, ಇದು ಕೇಳ್ತಿರೋದು ನಿನ್ನನ್ನಾ, ನನ್ನನ್ನಾ ಅಂದ್ಲು. ನಾನು ಹೇಳ್ದೆ, ನನ್ನ ತಂಗೀನ, ಆದ್ರೆ ಅವಳು ಹೊರಗೆ ನಿಂತಿದಾಳೆ ಅಂತ."

"ಆಮೇಲೆ?"

"ಆಮೇಲೇನು, ಇಬ್ರೂ ನಕ್ವಿ. ನಕ್ಕು ನೋಡ್ತೀನಿ, ಕಾರು ನೆಟ್ಟಗೆ ಒಳಗೆ ಬಂದು ನಿಂತಿದೆ. ನಾನು ಭಯ ಪಡೋಕೆ ಟೈಮೇ ಸಿಗ್ಲಿಲ್ಲ."

ಎಂಬತ್ತು ಬಂದರೆ ಪಾಸು. ಅಕ್ಕನಿಗೆ ಎಂಬತ್ತೇಳು ಬಂದಿತ್ತು. ಆ ಕಾಗದವನ್ನು ನಾನು ಎರಡು ಕೈಯಲ್ಲೂ ಹಿಡಿದುಕೊಂಡೆ.

ಮೂರು ಮೈಲಿ ದೂರದ ಚಾರ್ಜರಿಗೆ ಅವಳೇ ಓಡಿಸಿದಳು. ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ, ಗಂಟೆಗೆ ಇಪ್ಪತ್ತೈದರ ಮೇಲೆ ಹೋಗದೆ. ಹೀಟರ್ ಆರಿಸಿದ್ದರಿಂದ ನಮ್ಮ ಉಸಿರಿಗೇ ಗಾಜು ಮಸುಕಾಗುತ್ತಿತ್ತು. ನಾನು ದುಪಟ್ಟಾದಿಂದ ಒರೆಸುತ್ತ ಹೋದೆ. ಒಂದು ಮೈಲಿ ಕಳೆಯುವಷ್ಟರಲ್ಲಿ ಅಂಕಿ ಇರಬೇಕಾದ ಕಡೆ ಮೂರು ಗೆರೆಗಳು ಬಂದವು. ಉಳಿದದ್ದು ಎಷ್ಟೆಂದು ಇನ್ನು ಹೇಳಲಾರೆ ಎಂದು ಕಾರು ಕೈಚೆಲ್ಲಿತ್ತು.

"ಈಗೆಷ್ಟಿದೆ?" ಎಂದಳು ಅಕ್ಕ.

"ಗೊತ್ತಿಲ್ಲ."

"ನಿನ್ನ ಬಾಯಲ್ಲಿ ಆ ಮಾತು ಇವತ್ತೇ ಕೇಳ್ತಿರೋದು," ಎಂದು ಅವಳು ಹಾಡು ಗುನುಗತೊಡಗಿದಳು. ಎದುರಿಗೆ ಏರು ಬಂತು, ಆದರೂ ಆ ಬೆಳಿಗ್ಗೆಯಷ್ಟು ಖುಷಿಯಾಗಿ ನಾನು ಯಾವ ಏರನ್ನೂ ಹತ್ತಿಲ್ಲ. 9:58ಕ್ಕೆ ಚಾರ್ಜರ್ ಮುಟ್ಟಿದೆವು. ಯಾರೂ ಇರಲಿಲ್ಲ. ಪ್ಲಗ್ ಹಾಕಿ, ದೀಪ ಉರಿದ ಮೇಲೆ ಇಬ್ಬರೂ ಒಳಗೆ ಕೂತು ಅವಲಕ್ಕಿ ತಿಂದೆವು.

ಆ ಅರ್ಧ ಗಂಟೆಯಲ್ಲೇ ಇನ್ನೊಂದು ವಿಷಯ ತೀರ್ಮಾನವಾಯಿತು. ಫ್ರೀಮಾಂಟಿಗೆ ಬಸ್ಸಿದೆ, ಬೆಳಿಗ್ಗೆ ಆರಕ್ಕೆ ಆಬರ್ನ್‌ಗೆ ಇಲ್ಲ. ಆಸ್ಪತ್ರೆಯ ಸಿಬ್ಬಂದಿ ಕಾರು ನಿಲ್ಲಿಸುವ ಕಡೆ ಮಾಮೂಲಿ ಪ್ಲಗ್ ಪಾಯಿಂಟ್‌ಗಳಿದ್ದವು. ಎಂಟು ಗಂಟೆಯ ಪಾಳಿಯಲ್ಲಿ ನಿಧಾನಕ್ಕೆ ಮೂವತ್ತೈದು ಮೈಲಿ ತುಂಬುತ್ತದೆ. ಹೋಗಿಬರಲು ಅಷ್ಟು ಸಾಕು.

"ನಿನಗೆ ಬೇಜಾರಿಲ್ವಾ?" ಎಂದಳು ಅಕ್ಕ.

"ಬೇಜಾರಿದೆ," ಎಂದೆ. "ಶನಿವಾರ, ಭಾನುವಾರ ನನಗೆ."

"ಶನಿವಾರ ಮಾತ್ರ."

ಡಿಸೆಂಬರ್ 1, ಸೋಮವಾರ. ಅಕ್ಕ 5:20ಕ್ಕೆ ಹೊರಟಳು. ನಾನು ಕಿಟಕಿಯಿಂದ ಹಿಂದಿನ ಕೆಂಪು ದೀಪಗಳನ್ನು ನೋಡಿದೆ, ಸದ್ದೇನೂ ಕೇಳಿಸಲಿಲ್ಲ. 7:10ರ ಬಸ್ಸು ಹತ್ತಿದೆ. ಅವಳ ಮೊದಲ ವಿರಾಮ 8:15ಕ್ಕೆ ಎಂದು ಗೊತ್ತಿತ್ತು, 8:16ಕ್ಕೆ ಕಾಲ್ ಮಾಡಿದೆ.

"ಹೋಗಿ ಮುಟ್ಟಿದಾಗ ಎಷ್ಟಿತ್ತು?"

"ಏನೆಷ್ಟು?"

"ಮೈಲಿ ಕಣೆ. ಮನೇಲಿ 61 ಇತ್ತು. ಅಲ್ಲೆಷ್ಟು?"

"ಯಾರಿಗ್ಗೊತ್ತು. ಏನೋ ಹಸಿರು ಹಸಿರಾಗಿತ್ತು. ಇಲ್ಲಿ ಮೈಕ್ರೋಸ್ಕೋಪು ನೋಡಬೇಕು ನೀನು, ಹೊಸಾದು. ಬೆಳಿಗ್ಗೆಯಿಂದ ನಲವತ್ತು ಸ್ಲೈಡ್ ನೋಡಿದೀನಿ."

"ಪ್ಲಗ್ ಆದ್ರೂ ಹಾಕಿದೀಯಾ?"

ಆ ಕಡೆ ಯಾರೋ ಅವಳನ್ನು ಕರೆದರು. "ಬಂದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ನನಗೆ ಕನ್ನಡದಲ್ಲಿ, "ಹಾಕಿದೀನಿ, ಇಡು ಫೋನು, ನನಗೆ ಕೆಲಸ ಇದೆ," ಎಂದಳು.