ಗಾಳಿಕಟ್ಟೆಯ ಮಡಿಕೆಯಕ್ಕ

ಮಡಿಕೆಯಕ್ಕ ಎಂಬ ಹೆಸರು ಕೇಳಿ ಹೊಸಬರೆಲ್ಲ ಅವಳು ಮಡಕೆ ಮಾಡುವವಳು ಎಂದುಕೊಳ್ಳುತ್ತಿದ್ದರು. ಅವಳದ್ದು ಮಡಚುವ ಕೆಲಸ. ಊರಾಚೆ, ಸಣ್ಣ ವಿಮಾನಗಳು ಇಳಿಯುವ ಮೈದಾನದಲ್ಲಿ, ಆಕಾಶದಿಂದ ಧುಮುಕುವ ಹುಚ್ಚು ಹಿಡಿದವರ ಕ್ಲಬ್ಬೊಂದಿತ್ತು. ವಾರದ ಕೊನೆಗೆ ವಕೀಲರು, ಮೇಷ್ಟರು, ಬೇಕರಿಯವರು, ಬ್ಯಾಂಕಿನವರು ಎಲ್ಲ ಅಲ್ಲಿ ಸೇರಿ, ವಿಮಾನ ಹತ್ತಿ ಹೋಗಿ, ಬೆನ್ನಿಗೆ ಪ್ಯಾರಾಶೂಟ್ ಕಟ್ಟಿಕೊಂಡು ಕೆಳಗೆ ಬೀಳುತ್ತಿದ್ದರು. ಬಿದ್ದವರು ನಗುನಗುತ್ತಾ ತಂದು ಸುರಿದ ಬಟ್ಟೆಯ ರಾಶಿಯನ್ನು ಷೆಡ್ಡಿನ ನೆಲದ ಮೇಲೆ ಉದ್ದಕ್ಕೆ ಹಾಸಿ, ಹಗ್ಗಗಳ ಸಿಕ್ಕು ಬಿಡಿಸಿ, ಮಡಿಕೆಯ ಮೇಲೆ ಮಡಿಕೆ ಇಟ್ಟು, ಮೊಣಕಾಲೂರಿ ಗಾಳಿ ಹೊರಗೆ ಒತ್ತಿ ಚೀಲಕ್ಕೆ ತುಂಬುವುದು ಅವಳ ಕಸುಬು. ಅವಳು ಮಾತ್ರ ಒಂದು ಸಲವೂ ಜಿಗಿದವಳಲ್ಲ.

"ಅಡುಗೆ ಮಾಡೋರೆಲ್ಲ ಊಟಕ್ಕೆ ಕೂರಬೇಕು ಅಂತ ಎಲ್ಲಿದೆ?" ಎನ್ನುತ್ತಿದ್ದಳು.

ಮದುವೆಗೆ ಮುಂಚೆ ಅವಳು ಚಿಕ್ಕಮ್ಮನ ಜೊತೆ ಡೇರೆ ಹೊಲಿಯುವ ಅಂಗಡಿಯಲ್ಲಿದ್ದವಳು. ಹರಿದ ಪ್ಯಾರಾಶೂಟೊಂದನ್ನು ರಿಪೇರಿಗೆಂದು ಯಾರೋ ಅಲ್ಲಿಗೆ ತಂದರು. ಚಿಕ್ಕಮ್ಮ ಅದನ್ನು ಮುಟ್ಟಿ ನೋಡಿ, "ಇದನ್ನ ನಂಬಿ ಬೀಳೋರಿದಾರಾ? ನಾನು ಸೂಜಿ ಹಾಕಲ್ಲಪ್ಪ, ಪಾಪ ಸುತ್ತಿಕೊಳ್ಳುತ್ತೆ" ಎಂದು ಕೈ ತೊಳೆದುಕೊಂಡಳು. ಇವಳು ಹಾಗೆ ಬಿಡಲಿಲ್ಲ. ಅದನ್ನು ಹಿಡಿದುಕೊಂಡು ಕ್ಲಬ್ಬಿಗೇ ಹೋಗಿ, ಅಲ್ಲಿದ್ದ ಮುದುಕ ಕೆಲಸಗಾರನ ಪಕ್ಕ ಕೂತು, ಯಾವ ದಾರ, ಯಾವ ಹೊಲಿಗೆ ಎಂದು ಕೇಳಿ ಕಲಿತಳು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಳು. ಮುದುಕ ಒಂದು ದಿನವೂ ರೇಗಲಿಲ್ಲ. ಅವನು ನಿವೃತ್ತನಾದ ಮೇಲೆ ಆ ಷೆಡ್ಡು ಇವಳದಾಯಿತು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಹತ್ತಿ ಇಳಿದವನು, ಕಿಟಕಿಯಿಂದ ಕೆಳಗೆ ನೋಡೆಂದರೆ ಮಾತ್ರ ಕಣ್ಣು ಮುಚ್ಚುತ್ತಿದ್ದ. "ನಾನು ಜನರನ್ನ ಮೇಲೆ ಕಳಿಸ್ತೀನಿ, ನೀನು ಕೆಳಗೆ ಇಳಿಸ್ತೀಯ. ಒಟ್ಟಿನಲ್ಲಿ ಸಂಸಾರ ನಡೀತಿದೆ ಕಣೆ" ಎಂಬುದು ಅವನ ಹಳೇ ಜೋಕು. ಅವನು ಅದನ್ನು ಹೇಳಿದಾಗಲೆಲ್ಲ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಕ್ಲಬ್ಬಿನವರು ಇಂಟರ್ನೆಟ್ಟಿನಲ್ಲಿ ಮಾತಾಡಿಕೊಳ್ಳಲು ಒಂದು ಜಾಗ ಮಾಡಿಕೊಂಡಿದ್ದರು. ಅದಕ್ಕೆ ಗಾಳಿಕಟ್ಟೆ ಎಂದು ಹೆಸರು. ಜಿಗಿತದ ಅನುಭವ, ಎಚ್ಚರಿಕೆ, ಫೋಟೊ ಎಲ್ಲ ಅಲ್ಲಿರುತ್ತಿತ್ತು. ಅದರೊಳಗೇ 'ಡಬ್ಬಿ ಮೂಲೆ' ಎಂಬ ವಿಭಾಗವಿತ್ತು. ಅಲ್ಲಿ ಬರೀ ಕಂಪ್ಯೂಟರಿನ ಮಾತು. ಜಿಗಿಯುವವರೆಲ್ಲ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಳ್ಳುವವರೇ. ಮನೆಗೆ ಹೋಗಿ ಆ ವಿಡಿಯೊ ಕತ್ತರಿಸಿ ಜೋಡಿಸಲು ಕೂತರೆ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಆಗ ಯಾವ ಪ್ರೊಸೆಸರ್ ಒಳ್ಳೆಯದು, ರ‍್ಯಾಮ್ ಎಷ್ಟಿರಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡವೇ ಎಂಬ ಚರ್ಚೆ. ಗಾಳಿ ಜೋರಿದ್ದು ವಿಮಾನ ಏರದ ದಿನಗಳಲ್ಲಂತೂ ಡಬ್ಬಿ ಮೂಲೆಯಲ್ಲಿ ಕುಸ್ತಿಯೇ ನಡೆಯುತ್ತಿತ್ತು. ಮೋಡದೊಳಗೆ ಒಬ್ಬರ ಕೈ ಒಬ್ಬರು ಹಿಡಿದು ತೇಲಿದವರು ಇಲ್ಲಿ ಒಂದು ಫ್ಯಾನಿನ ಸಲುವಾಗಿ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು.

ಈ ಕಟ್ಟೆಯನ್ನು ನೋಡಿಕೊಳ್ಳುವ ಹೊಣೆ ಮಡಿಕೆಯಕ್ಕನ ಹೆಗಲಿಗೆ ಬಿದ್ದದ್ದು ಒಂದು ಅಪಘಾತದ ನಂತರ. ಹೊಸದಾಗಿ ಕಲಿಯುತ್ತಿದ್ದ ಇತಿಹಾಸದ ಮೇಷ್ಟರೊಬ್ಬರು ನೆಲ ಹತ್ತಿರ ಬಂದಾಗ ಪ್ಯಾರಾಶೂಟನ್ನು ಗಕ್ಕನೆ ತಿರುಗಿಸಿ, ನೆಲಕ್ಕೆ ಅಪ್ಪಳಿಸಿ ಎರಡೂ ಕಾಲು ಮುರಿದುಕೊಂಡರು. ಅಷ್ಟು ಕೆಳಗೆ ತಿರುಗಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಮಡಿಕೆಯಕ್ಕ ಆಸ್ಪತ್ರೆಗೆ ಹಣ್ಣು ಹಿಡಿದು ಹೋದಾಗ, "ಯಾರನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ ಮೇಷ್ಟ್ರೇ?" ಎಂದಳು.

ಅವರು ಸೂರು ನೋಡುತ್ತಾ ಹೇಳಿದರು: "ಹಿಂದಿನ ವಾರ ಕಟ್ಟೆಯಲ್ಲಿ ಏನೋ ಕೇಳಿದ್ದೆ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಕೇಳೋಕೆ ಮನಸ್ಸಾಗಲಿಲ್ಲ."

ಆ ಮಾತು ಅವಳ ಎದೆಗೆ ನಾಟಿತು. ಅವಳು ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಒಂದೇ ಒಂದು ನಿಯಮ ಕೇಳಿದಳು: ಕಟ್ಟೆಯಲ್ಲಿ ಪ್ರಶ್ನೆ ಕೇಳಿದವರನ್ನು ಯಾರೂ ಗೇಲಿ ಮಾಡಬಾರದು, ಮಾಡಿದವರು ಕ್ಷಮೆ ಕೇಳುವ ತನಕ ಕಟ್ಟೆಯಿಂದ ಹೊರಗೆ. ಎಲ್ಲರೂ ಒಪ್ಪಿದರು. ಒಪ್ಪಿ, "ಹಾಗಾದ್ರೆ ನೀವೇ ನೋಡ್ಕೊಳ್ಳಿ ಅಕ್ಕ" ಎಂದು ಜಾರಿಕೊಂಡರು.

ವರ್ಷಗಳು ಉರುಳಿದವು. ಕಟ್ಟೆ ಹೆಚ್ಚುಕಮ್ಮಿ ನೆಟ್ಟಗೇ ನಡೆಯಿತು. ಆಗ ಬಂದದ್ದು ಗರಗಸದ ಪ್ರಕರಣ.

ಗರಗಸ ಎಂಬುದು ಟೆಲಿಫೋನ್ ಇಲಾಖೆಯ ಎಂಜಿನಿಯರೊಬ್ಬನಿಗೆ ಗೆಳೆಯರಿಟ್ಟ ಹೆಸರು. ಐವತ್ತು ದಾಟಿದ ಆಸಾಮಿ. ಕ್ಲಬ್ಬಿನಲ್ಲಿ ಅವನಷ್ಟು ಜಿಗಿದವರಿರಲಿಲ್ಲ, ಡಬ್ಬಿಗಳ ವಿಷಯದಲ್ಲಿ ಅವನಷ್ಟು ತಿಳಿದವರೂ ಇರಲಿಲ್ಲ. ಆದರೆ ನಾಲಿಗೆ ಹೋಗುವಾಗಲೂ ಕೊಯ್ಯುತ್ತಿತ್ತು, ಬರುವಾಗಲೂ ಕೊಯ್ಯುತ್ತಿತ್ತು. ಆ ವರ್ಷ ಏಕೋ ಇನ್ನೂ ಸಿಡಿಮಿಡಿಗೊಂಡಿದ್ದ. ಮೈದಾನಕ್ಕೆ ಬಂದರೂ ಜಿಗಿಯುತ್ತಿರಲಿಲ್ಲ, ಬೆನ್ನುನೋವು ಎನ್ನುತ್ತಿದ್ದ.

ಕಲಿಕೆಗೆ ಹೊಸದಾಗಿ ಸೇರಿದ್ದ ನರ್ಸೊಬ್ಬಳು ಡಬ್ಬಿ ಮೂಲೆಯಲ್ಲಿ ಒಂದು ಪ್ರಶ್ನೆ ಹಾಕಿದಳು: ವಿಡಿಯೊ ಜೋಡಿಸುವಾಗ ನನ್ನ ಕಂಪ್ಯೂಟರ್ ಬಿಸಿಯಾಗಿ ಆರಿಹೋಗುತ್ತದೆ, ಮುಚ್ಚಳ ತೆಗೆದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಆದೀತೇ? ಗರಗಸ ಕೂಡಲೇ ಉತ್ತರಿಸಿದ: "ಆ ಫ್ಯಾನ್ ಮೊದಲು ನಿಮ್ಮ ತಲೆಗೆ ಇಟ್ಕೊಳ್ಳಿ. ಇಷ್ಟು ಬುದ್ಧಿ ಇಟ್ಕೊಂಡು ವಿಮಾನದಿಂದ ಜಿಗಿಯೋಕೆ ಹೊರಟಿದ್ದೀರಲ್ಲ, ನೆಲವೇ ನಿಮಗೆ ಬುದ್ಧಿ ಕಲಿಸುತ್ತೆ." ಕೆಳಗೆ ನಗುವ ಮುಖಗಳ ಸಾಲು ಬಿತ್ತು. ಮರುದಿನ ನೋಡಿದರೆ ನರ್ಸ್ ತನ್ನ ಪ್ರಶ್ನೆಯನ್ನೇ ಅಳಿಸಿಹಾಕಿದ್ದಳು.

ಮಡಿಕೆಯಕ್ಕ ಅವನಿಗೆ ಕ್ಷಮೆ ಕೇಳಲು ಹೇಳಿದಳು. "ಬಟ್ಟೆ ಮಡಚೋರಿಗೆ ಡಬ್ಬಿ ಉಸಾಬರಿ ಯಾಕೆ?" ಎಂದು ಬರೆದ. ಅವಳು ಎರಡನೇ ಮಾತಾಡದೆ ಅವನನ್ನು ಹೊರಗೆ ಹಾಕಿದಳು.

ಕ್ಲಬ್ಬಿನ ಕಾರ್ಯದರ್ಶಿ, ಮೃದು ಸ್ವಭಾವದ ವಕೀಲ, ಷೆಡ್ಡಿಗೆ ಬಂದು ತಲೆ ಕೆರೆದುಕೊಂಡ. "ಹಾಲು ಕೊಡೋ ಹಸು ಒದ್ದರೂ ಸಹಿಸ್ಕೋಬೇಕಲ್ವಾ ಅಕ್ಕ?"

"ನನ್ನನ್ನ ಒದ್ದಿದ್ರೆ ಸಹಿಸ್ಕೊಳ್ತಿದ್ದೆ. ಒದ್ದಿರೋದು ಆ ಹುಡುಗಿಗೆ."

"ಅಯ್ಯೋ, ಅದು ಬರೀ ಕಂಪ್ಯೂಟರ್ ವಿಷಯ..."

"ಕಂಪ್ಯೂಟರ್ ಕೇಳಿದಾಗ ನಕ್ಕರೆ, ನಾಳೆ ಪ್ಯಾರಾಶೂಟ್ ಬಗ್ಗೆ ಕೇಳ್ತಾಳಾ?"

ಆ ವಾರ ನರ್ಸ್ ಮೈದಾನಕ್ಕೆ ಬರಲಿಲ್ಲ. ಮಡಿಕೆಯಕ್ಕ ಆಸ್ಪತ್ರೆಗೇ ಹೋಗಿ, ಅವಳ ಪಾಳಿ ಮುಗಿಯುವ ತನಕ ಬಾಗಿಲ ಬಳಿಯ ಬೆಂಚಿನ ಮೇಲೆ ಕಾದಳು. ಇಬ್ಬರೂ ಕ್ಯಾಂಟೀನಿನಲ್ಲಿ ಟೀ ಹಿಡಿದು ಕೂತರು.

"ಡಬ್ಬಿ ಹಾಳಾಗ್ಲಿ ಬಿಡಮ್ಮ. ಬೇರೆ ಏನಾದ್ರೂ ಕೇಳೋದಿತ್ತಾ? ಜಿಗಿಯೋದರ ಬಗ್ಗೆ?"

ನರ್ಸ್ ಲೋಟವನ್ನು ತಿರುಗಿಸಿದಳು. "ಒಂದಿದೆ. ಆದ್ರೆ ಅದೂ ದಡ್ಡ ಪ್ರಶ್ನೆ ಅಕ್ಕ."

"ಕೇಳು."

"ದೊಡ್ಡ ಪ್ಯಾರಾಶೂಟ್ ಸರಿಯಾಗಿ ಬಿಚ್ಚದಿದ್ರೆ ಬಲಗಡೆ ಹಿಡಿ ಎಳೆದು ಅದನ್ನ ಕಳಚಬೇಕು, ಆಮೇಲೆ ಎಡಗಡೆದು ಎಳೆದು ಆಪತ್ತಿಗೆ ಅಂತ ಇಟ್ಟಿರೋ ಸಣ್ಣದನ್ನ ಬಿಚ್ಚಬೇಕು ಅಂತ ಹೇಳಿಕೊಟ್ರು. ನಾನು ಎಡಚಿ. ಗಾಬರಿ ಆದಾಗ ನನ್ನ ಎಡಗೈ ಮೊದಲು ಹೋಗುತ್ತೆ. ತರಗತಿಯಲ್ಲಿ ಎಲ್ಲರೂ ಪಟಪಟ ಅಂತ ಮಾಡಿದ್ರು. ನಾನು ಒಳಗೊಳಗೇ ಲೆಕ್ಕ ಹಾಕ್ಕೊಂಡು ಮಾಡಿದೆ. ಮೇಲೆ ಲೆಕ್ಕ ಹಾಕೋಕೆ ಟೈಮ್ ಇರುತ್ತಾ?"

ಮಡಿಕೆಯಕ್ಕನಿಗೆ ಗೊತ್ತಿತ್ತು: ಕಳಚುವ ಮುಂಚೆ ಎರಡನೆಯದನ್ನು ಬಿಚ್ಚಿದರೆ ಎರಡೂ ಒಂದಕ್ಕೊಂದು ಸುತ್ತಿಕೊಳ್ಳುವ ಅಪಾಯವಿತ್ತು. ಅವಳು ನರ್ಸಿನ ಕೈ ಹಿಡಿದುಕೊಂಡಳು. "ಇಷ್ಟು ವರ್ಷದಲ್ಲಿ ಇದಕ್ಕಿಂತ ಜಾಣ ಪ್ರಶ್ನೆ ನಾನು ಕೇಳಿಲ್ಲ ಕಣೇ. ಶನಿವಾರ ಬಾ."

ಶನಿವಾರ ಷೆಡ್ಡಿನ ತೊಲೆಗೆ ಪಟ್ಟಿಗಳನ್ನು ಕಟ್ಟಿ, ತರಬೇತುದಾರನನ್ನು ಕರೆಸಿ, ನರ್ಸನ್ನು ಅದರಲ್ಲಿ ತೂಗುಬಿಟ್ಟು ಅಭ್ಯಾಸ ಮಾಡಿಸಿದರು. ತರಬೇತುದಾರ ಹಿಂದಿನಿಂದ ಕೂಗಿ ಬೆಚ್ಚಿಬೀಳಿಸುತ್ತಿದ್ದ; ಅವಳು ಎಳೆಯುತ್ತಿದ್ದಳು. ಮೊದಮೊದಲು ಎಡಗೈಯೇ ಓಡುತ್ತಿತ್ತು. ಮೊದಲು ಎರಡೂ ಕೈ ಬಲಗಡೆಗೆ, ಆಮೇಲೆ ಎರಡೂ ಕೈ ಎಡಗಡೆಗೆ ಎಂದು ಅಭ್ಯಾಸ ಬದಲಿಸಿದರು. ಸಂಜೆಯ ಹೊತ್ತಿಗೆ ಕೈಗಳು ತಾವಾಗಿ ದಾರಿ ಹಿಡಿದವು. ಅದನ್ನು ನೋಡುತ್ತಾ ನಿಂತಿದ್ದ ಇನ್ನೊಬ್ಬ ಕಲಿಕೆಯವನು ಮೆಲ್ಲಗೆ, "ನನಗೂ ಸ್ವಲ್ಪ ಗೊಂದಲ ಇದೆ" ಎಂದ.

ಅದಾಗಿ ಸ್ವಲ್ಪ ದಿನಕ್ಕೆ ಸಿಡಿಲು ಬಡಿದು ಮೈದಾನದ ವಿದ್ಯುತ್ ತಂತಿಗಳೆಲ್ಲ ಚಟಚಟ ಎಂದವು. ಗಾಳಿಕಟ್ಟೆಯನ್ನು ಹೊತ್ತು ನಿಂತಿದ್ದ ಹಳೇ ಕಂಪ್ಯೂಟರ್ ಷೆಡ್ಡಿನ ಪಕ್ಕದ ಕೋಣೆಯಲ್ಲಿತ್ತು. ಸುಟ್ಟ ವಾಸನೆ ಬಿಟ್ಟು ಸತ್ತುಹೋಯಿತು. ಪ್ರತಿ ತೆಗೆದಿಡುವ ಡಿಸ್ಕು ಯಾವಾಗಲೋ ತುಂಬಿ, ಕೆಲಸ ನಿಲ್ಲಿಸಿದ್ದು ಆಗ ಗೊತ್ತಾಯಿತು. ಇಷ್ಟು ವರ್ಷಗಳ ಮಾತು, ತಪ್ಪುಗಳಿಂದ ಕಲಿತ ಪಾಠಗಳು, ಈಗಿಲ್ಲದ ಗೆಳೆಯರ ಫೋಟೊಗಳು, ಎಲ್ಲವೂ ಸತ್ತ ಕಂಪ್ಯೂಟರಿನ ಡಿಸ್ಕಿನಲ್ಲೇ ಉಳಿದಿದ್ದವು. ಕಂಪ್ಯೂಟರ್ ಅಂಗಡಿಯವರು ನೋಡಿ ಕೈ ಚೆಲ್ಲಿದರು.

"ಗರಗಸ ಒಬ್ಬನಿಗೇ ಇದನ್ನ ಎತ್ತೋಕೆ ಆಗೋದು" ಎಂದ ವಕೀಲ. "ವಾಪಸ್ ಸೇರಿಸ್ಕೊಳ್ತೀವಿ ಅಂತ ಹೇಳಿಬಿಡೋಣ ಅಕ್ಕ."

ಅವಳು ತಾನೇ ಫೋನ್ ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಕೊನೆಗೂ ಗರಗಸ ಬೇಕಾಯ್ತು, ಅಲ್ವಾ?" ಎಂದ.

"ಬೇಕಾಯ್ತು. ಆದ್ರೆ ಮೊದಲೇ ಹೇಳ್ತೀನಿ. ಡಬ್ಬಿ ಸರಿ ಮಾಡಿದ ಮಾತ್ರಕ್ಕೆ ನಿಮಗೆ ಬಾಗಿಲು ತೆಗೆಯಲ್ಲ. ಅದು ಬೇರೆ, ಇದು ಬೇರೆ. ಬರೋದಾದ್ರೆ ಇದನ್ನ ತಿಳ್ಕೊಂಡೇ ಬನ್ನಿ."

ಫೋನ್ ಕಟ್ಟಾಯಿತು. ವಕೀಲ ಹಣೆ ಹಣೆ ಚಚ್ಚಿಕೊಂಡ. ಅವಳಿಗೂ ಒಳಗೆ ಕಸಿವಿಸಿಯೇ. ಅಷ್ಟು ಜನರ ನೆನಪನ್ನು ತನ್ನ ಹಟಕ್ಕೆ ಬಲಿ ಕೊಟ್ಟೆನೇ ಎಂದು ರಾತ್ರಿ ಊಟದ ಹೊತ್ತಿಗೆ ಗಂಡನನ್ನು ಕೇಳಿದಳು. ಅವನು, "ಸುಳ್ಳು ಹೇಳಿ ಕರೆಸೋದಕ್ಕಿಂತ ಇದೇ ವಾಸಿ" ಎಂದ.

ಮರುದಿನ ಬೆಳಿಗ್ಗೆ ಗರಗಸ ಬೆಸುಗೆಯ ಸಾಮಾನಿನ ಚೀಲ ಹಿಡಿದು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ. "ನನ್ನ ಫೋಟೊಗಳೂ ಅದರಲ್ಲಿವೆ" ಎಂದಷ್ಟೇ ಹೇಳಿದ.

ಡಿಸ್ಕಿನ ಒಳಗು ಚೆನ್ನಾಗಿಯೇ ಇತ್ತು, ಸುಟ್ಟದ್ದು ಹೊರಗಿನ ಸರ್ಕಿಟ್ ಹಲಗೆ. ಅದೇ ಮಾದರಿಯ ಇನ್ನೊಂದು ಡಿಸ್ಕ್ ಸಿಕ್ಕರೆ ಅದರ ಹಲಗೆಯನ್ನು ಇದಕ್ಕೆ ಕೂರಿಸಬಹುದು ಎಂದ. ಸುದ್ದಿ ಹಬ್ಬಿತು. ಡಬ್ಬಿ ಮೂಲೆಯ ಜಗಳಗಂಟರೆಲ್ಲ ಅಟ್ಟ, ಮಂಚದಡಿ ಕೆದಕಿ ಹಳೇ ಡಿಸ್ಕುಗಳನ್ನು ಹೊತ್ತು ತಂದರು. ಕೊನೆಗೆ ಹೊಂದಿದ್ದು ಬೇಕರಿಯವನ ಅತ್ತೆ ಕೋಳಿಗೂಡಿನ ಬಾಗಿಲಿಗೆ ಒತ್ತು ಕೊಟ್ಟಿದ್ದ ಕಂಪ್ಯೂಟರಿನದು.

ಇನ್ನು ಹಳೇ ಹಲಗೆಯಿಂದ, ಆ ಡಿಸ್ಕಿನದೇ ಲೆಕ್ಕ ಬರೆದಿಟ್ಟುಕೊಂಡಿದ್ದ ಅಕ್ಕಿಕಾಳಿನಷ್ಟು ಚಿಪ್ಪೊಂದನ್ನು ಬಿಡಿಸಿ ಹೊಸದಕ್ಕೆ ಬೆಸೆಯಬೇಕಿತ್ತು. ಗರಗಸ ಬಗ್ಗಿದ, ಎದ್ದ, ಕನ್ನಡಕ ಒರೆಸಿದ, ಮತ್ತೆ ಬಗ್ಗಿದ. ಕಾದ ಬೆಸುಗೆ ಕಡ್ಡಿಯ ತುದಿ ಚಿಪ್ಪಿನ ಪಕ್ಕದಲ್ಲೆಲ್ಲೋ ಅಲೆಯುತ್ತಿತ್ತು. ಮಡಿಕೆಯಕ್ಕ ದೀಪ ಹತ್ತಿರ ತಂದಳು. ಅವನು ಕೈ ಕೆಳಗಿಟ್ಟುಬಿಟ್ಟ.

"ದೀಪದ್ದಲ್ಲ ಅಕ್ಕ. ಕಣ್ಣಿಗೆ ಪೊರೆ ಬಂದಿದೆ. ಎಲ್ಲ ಮಂಜು ಮಂಜು."

"ಅದಕ್ಕೇ ಜಿಗಿಯೋದು ಬಿಟ್ರಾ? ಬೆನ್ನುನೋವು ಅಂದ್ರಿ?"

"ಆಪರೇಷನ್ ಆದ ಮೇಲೆ ಮತ್ತೆ ಜಿಗಿಯೋಕೆ ಬಿಡ್ತಾರೋ ಇಲ್ವೋ... ಯಾರನ್ನ ಕೇಳಲಿ? ಕೇಳಿದ್ರೆ, ಗರಗಸಕ್ಕೆ ತುಕ್ಕು ಹಿಡೀತು ಅಂತ ನಗ್ತಾರೆ."

ಹೇಳಿ ಮುಗಿಸುವಷ್ಟರಲ್ಲಿ ತಾನು ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿತು. ಅವನು ತಲೆ ತಗ್ಗಿಸಿದ. ಅವಳು ಚುಚ್ಚಲಿಲ್ಲ. ಕಡ್ಡಿಯನ್ನು ತನ್ನ ಕೈಗೆ ತೆಗೆದುಕೊಂಡು, "ನೀವು ಹೇಳಿ, ನಾನು ಮಾಡ್ತೀನಿ" ಎಂದಳು.

ಅವನು ಹೇಳಿದ, ಅವಳು ಮಾಡಿದಳು. "ಅಲ್ಲಿ ಹೆಚ್ಚು ಹೊತ್ತು ಇಡಬೇಡಿ... ಈಗ ಮೆಲ್ಲಗೆ ಎತ್ತಿ..." ಒಂದು ಸಲ ಅವಳ ಬೆರಳು ಸುಟ್ಟಿತು, ಒಂದು ಸಲ ಚಿಪ್ಪು ನೆಲಕ್ಕೆ ಬಿದ್ದು ವಕೀಲನೂ ಸೇರಿ ಮೂವರೂ ಅಂಬೆಗಾಲಿಟ್ಟು ಹುಡುಕಿದರು. ಸಂಜೆಯ ಹೊತ್ತಿಗೆ ಡಿಸ್ಕು ಗುಂಯ್ ಎಂದು ತಿರುಗಿತು. ಪರದೆಯ ಮೇಲೆ ಹಳೆಯ ಮಾತುಗಳು ಒಂದೊಂದಾಗಿ ಮೂಡಿದಾಗ ವಕೀಲ ಕಣ್ಣೊರೆಸಿಕೊಂಡು, ಧೂಳು ಎಂದ.

ಗರಗಸ ಸಾಮಾನು ಕಟ್ಟಿಕೊಂಡು ಹೊರಟ. ಬಾಗಿಲು ತೆಗೆಯಿರಿ ಎಂದು ಕೇಳಲಿಲ್ಲ, ಅವಳೂ ತೆಗೆಯಲಿಲ್ಲ. ಆದರೆ ಆ ಭಾನುವಾರ ಮೈದಾನದಲ್ಲಿ, ಎಲ್ಲರೂ ಕೂತಿದ್ದ ಕಡೆ, ಅವನು ನರ್ಸಿನ ಎದುರು ಹೋಗಿ ನಿಂತ.

"ನೋಡಮ್ಮ, ನಾನು ಅವತ್ತು ಬರೆದದ್ದು ತಪ್ಪು. ಎಲ್ಲರ ಮುಂದೆ ಬರೆದೆ, ಅದಕ್ಕೆ ಎಲ್ಲರ ಮುಂದೆ ಹೇಳ್ತಿದೀನಿ. ಮತ್ತೆ... ಫ್ಯಾನ್ ಇಟ್ಟರೆ ಸ್ವಲ್ಪ ಮಟ್ಟಿಗೆ ಆಗುತ್ತೆ. ಆದ್ರೆ ಮೊದಲು ಒಳಗಿನ ಧೂಳು ತೆಗೀಬೇಕು. ತಂದರೆ ನಾನೇ ತೆಗೆದುಕೊಡ್ತೀನಿ."

"ಮುಂಚೆನೇ ಇಷ್ಟು ಹೇಳಿದ್ರೆ ನಾನು ಅಷ್ಟು ಅಳ್ತಿರಲಿಲ್ಲ" ಎಂದಳು ನರ್ಸ್. ಆಮೇಲೆ ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಕೊಟ್ಟಳು.

ಅಂದು ಸಂಜೆ ಕಟ್ಟೆಯ ಬಾಗಿಲು ಅವನಿಗೆ ತೆರೆಯಿತು. ಅವನು ಬರೆದ ಮೊದಲ ಮಾತೇ ಒಂದು ಪ್ರಶ್ನೆ: ಕಣ್ಣಿನ ಪೊರೆ ತೆಗೆಸಿದವರು ಮತ್ತೆ ಜಿಗಿಯಬಹುದೇ? ಯಾರೂ ನಗಲಿಲ್ಲ. ದೂರದೂರಿನ ಒಬ್ಬ ಅಜ್ಜಿ, ತಾನು ಎರಡೂ ಕಣ್ಣು ಮಾಡಿಸಿಕೊಂಡು ಡಾಕ್ಟರ ಒಪ್ಪಿಗೆ ಪಡೆದು ಈಗಲೂ ಜಿಗಿಯುತ್ತಿರುವುದಾಗಿ ಬರೆದಳು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ನಮ್ಮನ್ನಲ್ಲ ಎಂದೂ ಸೇರಿಸಿದಳು. ಅವನು ಕೇಳಿದ. ಆಪರೇಷನ್ ಮಾಡಿಸಿಕೊಂಡ. ಡಾಕ್ಟರು ಹೂಂ ಎನ್ನುವ ತನಕ, ತಿಂಗಳುಗಟ್ಟಲೆ, ಹಟ ಮಾಡದೆ ಕಾದ.

ನರ್ಸ್ ಕಲಿಕೆ ಮುಗಿಸಿ ಒಬ್ಬಳೇ ಜಿಗಿಯುವಂತಾದಳು. ಗಾಳಿಕಟ್ಟೆಯ ಕೆಲಸದಲ್ಲಿ ಮಡಿಕೆಯಕ್ಕನಿಗೆ ಈಗ ಅವಳೇ ಜೊತೆ. ಒಬ್ಬಳ ಮೇಲೆಯೇ ಎಲ್ಲ ಹೊರೆ ಬೀಳುವುದು ಒಳ್ಳೆಯದಲ್ಲವೆಂದು ಸಭೆಯೇ ತೀರ್ಮಾನಿಸಿತು. ಸಂಜೆ ಷೆಡ್ಡು ಗುಡಿಸಿ, ಕೊನೆಯ ಚೀಲವನ್ನು ಕಪಾಟಿಗಿಟ್ಟು, ಇಬ್ಬರೂ ಪರದೆಯ ಮುಂದೆ ಕೂರುತ್ತಾರೆ. ಮೊನ್ನೆ ಹೊಸ ಹುಡುಗನೊಬ್ಬ, ರ‍್ಯಾಮನ್ನು ಸೋಪು ಹಾಕಿ ತೊಳೆಯಬಹುದಾ ಎಂದು ಕೇಳಿದ್ದ. ನರ್ಸ್ ಬಾಯಿಗೆ ಸೆರಗು ಒತ್ತಿ ಹಿಡಿದಳು. ಮಡಿಕೆಯಕ್ಕನೂ ಆಚೆ ತಿರುಗಿ ಸಾಕಾಗುವಷ್ಟು ನಕ್ಕಳು. ಆಮೇಲೆ ಇಬ್ಬರೂ ಮುಖ ಸರಿಮಾಡಿಕೊಂಡು, ಬೇಡಪ್ಪ, ಒಣ ಬ್ರಷ್ ಸಾಕು, ಕೇಳಿದ್ದು ಒಳ್ಳೇದಾಯ್ತು ಎಂದು ಬರೆದರು.