ಕಾರಿನ ಬಾಗಿಲ ಸಂದಿ

ನಮ್ಮ ಜೇವರ್ಗಿಯ ಓಣಿಯಲ್ಲಿ ಕಾರಿಗೆ ನನ್ನಷ್ಟು ಉಪಚಾರ ಮಾಡುವವರು ಇನ್ನೊಬ್ಬರಿಲ್ಲ ಎಂದು ನಾನು ಬೀಗುತ್ತಿದ್ದೆ. ದಿನಾ ಬೆಳಿಗ್ಗೆ ನೀರು ಹೊಯ್ದು ಬಾನೆಟ್ಟು ಒರೆಸಿದರೆ ಮುಖ ಕಾಣಬೇಕು. ಬಾಗಿಲು ತೆರೆದಾಗಷ್ಟೇ ಕಾಣುವ ಚೌಕಟ್ಟು, ಡಿಕ್ಕಿಯ ಒಳ ಅಂಚು ಮಾತ್ರ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಒಮ್ಮೆ ಅಲ್ಲಿಯ ಬಣ್ಣ ಮಂಕಾಗಿದ್ದು ಕಂಡು ಬುದ್ಧಿವಂತಿಕೆ ಓಡಿಸಿದೆ. ಅಡುಗೆಮನೆಯ ಕುಸುಬಿ ಎಣ್ಣೆ ತಂದು ತಿಕ್ಕಿದೆ. ಒಡೆದ ಹಿಮ್ಮಡಿಗೂ ಕಿರುಗುಟ್ಟುವ ಬಾಗಿಲಿಗೂ ನಮ್ಮಲ್ಲಿ ಅದೇ ಮದ್ದು. ಬಣ್ಣ ಫಳಫಳ ಹೊಳೆಯಿತು.

ಆದರೆ ಅದು ತೊಗರಿ ರಾಶಿಯ ಕಾಲ. ರಸ್ತೆಯುದ್ದಕ್ಕೂ ಮಷೀನುಗಳು ಹಾರಿಸಿದ ಹೊಟ್ಟು, ಧೂಳು ಎಲ್ಲ ಎಣ್ಣೆಗೆ ಮೆತ್ತಿಕೊಂಡು ಕಪ್ಪು ಜಿಡ್ಡಾಯಿತು. ಅಫಜಲಪುರದ ಮದುವೆಯಲ್ಲಿ ಹೆಂಡತಿ ಕಾರಿಳಿದಾಗ ಅವಳ ಕೆನೆಬಣ್ಣದ ರೇಷ್ಮೆ ಸೀರೆಯ ಅಂಚಿಗೆ ಮೊಳದುದ್ದ ಕರಿ ಗೆರೆ! ಅವಳಣ್ಣ ಕೊಟ್ಟ ಸೀರೆ ಅದು. ಮನೆಗೆ ಬಂದವಳೇ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟಳು.

“ಬರೇ ಮುಖ ತೊಳದ್ರ ಆಯ್ತೇನ್ರಿ? ಬಗಲಾಗ ನೋಡ್ರಿ, ಹೆಂಗ ಆಗೇದ! ಇನ್ನ ಈ ಗಾಡ್ಯಾಗ ನಾ ಕೂಡಂಗಿಲ್ಲ. ಬಸ್ಸಿಗೆ ಹೋಗ್ತೇನಿ.”

ಹೇಳಿದಂತೆ ಮಾಡಿದಳು. ಆಳಂದದಲ್ಲಿ ಅವಳ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಅವಳು ಬಸ್ಸಿನಲ್ಲಿ, ನಾನು ಹಿಂದಿನಿಂದ ಖಾಲಿ ಕಾರಿನಲ್ಲಿ. ಮೊದಲು ಸಿಟ್ಟು ಬಂತು. ಆಮೇಲೆ ಏನೋ ಹೇಳಲೆಂದು ಪಕ್ಕಕ್ಕೆ ತಿರುಗಿದರೆ ಯಾರೂ ಇಲ್ಲ. ಇಬ್ಬರೂ ಮಾತಾಡುತ್ತ ಓಡಾಡೋಣ ಅಂತಲೇ ಕೊಂಡ ಕಾರು. ಪಕ್ಕದ ಸೀಟು ಬರಿದಾಗಿದ್ದರೆ ಆ ಕಾರಿಗೇನು ಅರ್ಥ?

ಭಾನುವಾರ ಶಾಂಪೂ ನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಕೂತೆ. ಕೀಲು ಕೀಲಿನ ಸಂದಿಯಿಂದಲೂ ಜಿಡ್ಡು ಕಿತ್ತೆ. ಬಾಗಿಲ ತಳದಲ್ಲಿ ನೀರು ಹರಿಯಲೆಂದು ಇರುವ ಸಣ್ಣ ತೂತುಗಳಲ್ಲಿ ಹೊಟ್ಟು ಗಿಡಿದುಕೊಂಡಿತ್ತು. ಕಡ್ಡಿ ಆಡಿಸಿದೊಡನೆ ಒಳಗೆ ನಿಂತಿದ್ದ ನೀರು ದಳದಳ ಸುರಿಯಿತು. ಅಂಚಿನಲ್ಲಿ ಆಗಲೇ ತುಕ್ಕಿನ ಚುಕ್ಕೆಗಳು. ನಾನು ದಿನಾ ಪ್ರೀತಿಯಿಂದ ಹೊಯ್ದ ನೀರೇ ಕಾರನ್ನು ತಿನ್ನುತ್ತಿತ್ತು. ಒಣಗಿಸಿ, ಈ ಸಲ ಎಣ್ಣೆಯ ತಂಟೆಗೆ ಹೋಗದೆ, ಬಣ್ಣಕ್ಕೆ ಹಚ್ಚುವ ಮೇಣವನ್ನೇ ತೆಳ್ಳಗೆ ಹಚ್ಚಿ ಒಣಬಟ್ಟೆಯಿಂದ ತೀಡಿದೆ.

ಹೆಂಡತಿ ಚಹಾ ತಂದಿಟ್ಟು ಕಾರಿಗೆ ಒಂದು ಸುತ್ತು ಹಾಕಿದಳು.

“ಡಿಕ್ಕಿ ಅಂಚು ಉಳದದ ನೋಡ್ರಿ.”

ಬೇರೆ ದಿನವಾಗಿದ್ದರೆ ಸಿಡುಕುತ್ತಿದ್ದೆ. ಅಂದು ಬ್ರಶ್ಶು ಹಿಡಿದು ಹೋಗಿ ಅದನ್ನೂ ತಿಕ್ಕಿದೆ.

ಮುಂದಿನ ವಾರ ಅಂದೋಲಾದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಅವಳು ತಾನಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಜೋರಾಗಿ ಓಡಿಸುತ್ತೀರಿ, ತಗ್ಗು ನೋಡುವುದಿಲ್ಲ ಎಂದು ದಾರಿಯುದ್ದಕ್ಕೂ ಬೈದಳು. ನನಗೆ ಹಾಡು ಕೇಳಿದಷ್ಟು ಹಿತವಾಗಿತ್ತು. ಅಂದೋಲಾ ತಲುಪಿದಾಗ ಮನೆಯ ಬಾಗಿಲಲ್ಲಿ ನಿಂತ ಹೆಂಗಸರು ಕೈಬೀಸಿ ಕರೆದರು. ಅವಳು ನಗುತ್ತ ಕಾರಿನ ಬಾಗಿಲು ತೆರೆದು, ನಿರಿಗೆ ಎತ್ತಿ ಹಿಡಿಯದೆಯೇ ಇಳಿದುಹೋದಳು.