ಬಿಟ್ಟಿ ಮೇಡಂ ಮತ್ತು ಐದನೇ ಪಾಠ

ಆ ಹೆಸರು ಇಟ್ಟವರು ಹುಡುಗರಲ್ಲ, ಸ್ಟಾಫ್‌ರೂಮಿನವರೇ. ಇಪ್ಪತ್ತೆರಡು ವರ್ಷ ಒಂದೇ ಕಾಲೇಜಿನಲ್ಲಿ ಪ್ರದೇಶ ಅಧ್ಯಯನ ಕಲಿಸಿದ ಹೆಂಗಸು ಒಂದು ದಿನ ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟಳು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಬರಹಗಳನ್ನು ತಂದು ತರಗತಿಯಲ್ಲಿ ಹಂಚತೊಡಗಿದಳು. ಅಂದಿನಿಂದ ಅವಳು ಬಿಟ್ಟಿ ಮೇಡಂ.

ನಾನು ಅದೇ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತೇನೆ, ಅವಳ ಪಕ್ಕದ ಮೇಜು. ಓದುವ ಕಾಲದಲ್ಲಿ ಫೀಸು ಏರಿಕೆಯ ವಿರುದ್ಧ ಇಬ್ಬರೂ ಒಟ್ಟಿಗೆ ಬೀದಿಗಿಳಿದವರು. ಲಾಠಿ ಬೀಸಿದಾಗ ನಾನು ಓಡಿದೆ. ಅವಳು ಕಳೆದುಹೋದ ಚಪ್ಪಲಿ ಹುಡುಕುತ್ತ ನಿಂತಳು. ಈಗಲೂ ಹಾಗೇ, ಎಲ್ಲರೂ ಓಡಿಹೋದ ಮೇಲೆ ಏನನ್ನೋ ಹುಡುಕುತ್ತ ನಿಂತಿರುತ್ತಾಳೆ.

ಅವಳು ಕಲಿಸುವುದು ಅಳಿವೆ ಸೀಮೆಯನ್ನು. ನದಿ ಸಮುದ್ರ ಸೇರುವ ಆ ಭಾಗದ ಜನ, ದುಡಿಮೆ, ಜಗಳ, ಎಲ್ಲವೂ ಒಂದೇ ಪೇಪರಿನಲ್ಲಿ. ಅದಕ್ಕಿದ್ದ ಪಠ್ಯಪುಸ್ತಕ ಬರೆದವರು ದೊಡ್ಡ ಮೇಷ್ಟ್ರು. ಹಿಂದೆ ಅವಳಿಗೂ ಪಾಠ ಹೇಳಿದವರು, ಈಗ ಪಠ್ಯ ಸಮಿತಿಯ ಅಧ್ಯಕ್ಷರು. ಪುಸ್ತಕದ ನಕ್ಷೆಯಲ್ಲಿ ಇನ್ನೂ ರೈಲು ಓಡುತ್ತಿತ್ತು, ನಿಜವಾದ ಹಳಿ ಕಿತ್ತು ಹದಿನೈದು ವರ್ಷವಾಗಿತ್ತು. ಬೆಲೆಯ ದೆಸೆಯಿಂದ ಆರು ಜನಕ್ಕೆ ಒಂದು ಪುಸ್ತಕ, ಪರೀಕ್ಷೆಯ ಹಿಂದಿನ ವಾರ ಅದೂ ಹರಿದು ಆರು ಪಾಲು.

ಎರಡು ಬೇಸಿಗೆ ರಜೆ ಕೂತು ಅವಳು ಹನ್ನೆರಡು ಬರಹ ಆರಿಸಿದಳು. ಬೇರೆ ಬೇರೆ ಕಡೆಯ ಅಧ್ಯಾಪಕರು ಬರೆದು, ಬೇಕಾದವರು ನಕಲು ಮಾಡಿಕೊಳ್ಳಿ, ತಪ್ಪಿದ್ದರೆ ತಿಳಿಸಿ ಎಂದು ಕೆಳಗೆ ವಿಳಾಸ ಕೊಟ್ಟಿದ್ದ ಬರಹಗಳು. ಎಲ್ಲವನ್ನೂ ಪ್ರಿಂಟ್ ತೆಗೆಸಿ, ಬೈಂಡ್ ಹಾಕಿಸಿ, ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಟಿಪ್ಪಣಿ ಬರೆದುಕೊಂಡಳು. ಆ ಬೈಂಡು ಅವಳ ಕಂಕುಳು ಬಿಟ್ಟು ಇಳಿಯುತ್ತಿರಲಿಲ್ಲ. ಹುಡುಗರಲ್ಲಿ ಅರ್ಧ ಜನ ವರ್ಷದ ಮೊದಲಲ್ಲೇ ಅದರ ಜೆರಾಕ್ಸ್ ಮಾಡಿಸಿದರು. ಉಳಿದವರು ಫೋನಿನಲ್ಲೇ ಓದುತ್ತೇವೆ ಎಂದರು, ಅಂದರೆ ಪರೀಕ್ಷೆ ಬಂದಾಗ ಓದುತ್ತೇವೆ ಎಂದರು.

ಅವಳ ಗಂಡ ವಿದ್ಯುತ್ ಇಲಾಖೆಯ ಲೈನ್‌ಮನ್.

"ಸಂಬಳದ ಕೆಲಸಕ್ಕೇ ನಿನ್ನ ಸೊಂಟ ಬಿದ್ದುಹೋಗಿದೆ. ಅದರ ಮೇಲೆ ಇದೊಂದನ್ನ ಹೊತ್ಕೊಂಡೆಯಲ್ಲೇ," ಎಂದು ಅವನು ಗೊಣಗಿದರೆ, "ನೀವು ಕಂಬ ಹತ್ತೋದು ಬಿಡಿ, ನಾನು ಇದನ್ನ ಬಿಡ್ತೀನಿ," ಅನ್ನುತ್ತಿದ್ದಳು.

ಆ ವರ್ಷವೇ ಅವನ ಮೊಣಕಾಲು ಕೆಟ್ಟಿತು, ಕಂಬ ಹತ್ತುವುದು ನಿಂತಿತು. ಅವಳು ಮಾತಿಗೆ ತಪ್ಪಿದಳು.

ಪಠ್ಯ ಸಮಿತಿ ಒಪ್ಪಿದ್ದು ಒಂದೇ ವರ್ಷಕ್ಕೆ. "ಮಾಡಮ್ಮ, ಮಾಡು, ನಾನೇನು ಬೇಡ ಅನ್ನಲ್ಲ," ಅಂದಿದ್ದರು ದೊಡ್ಡ ಮೇಷ್ಟ್ರು. "ಆದ್ರೆ ಪರೀಕ್ಷೆಲಿ ಒಂದು ಎಡವಟ್ಟಾಯ್ತೋ, ಪುಸ್ತಕ ವಾಪಸ್."

ಐದನೇ ಪಾಠ ಹಳೇ ಬಂದರಿನ ಜನ ಊರು ಬಿಟ್ಟದ್ದರ ಬಗ್ಗೆ. ಹೊಸ ಬಂದರಿನಲ್ಲಿ ಕೂಲಿ ಹೆಚ್ಚಿದ್ದರಿಂದ ಅವರು ಸ್ವಇಚ್ಛೆಯಿಂದ ಹೋದರು ಎಂದು ಅದರಲ್ಲಿತ್ತು. ದೊಡ್ಡ ಮೇಷ್ಟ್ರ ಪುಸ್ತಕದಲ್ಲೂ ಇದ್ದ ಮಾತೇ ಅದು, ಬರೆದವರು ಅಲ್ಲಿಂದಲೇ ಎತ್ತಿದ್ದರು. ಕಡೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಇದು ಸುಳ್ಳು. ನಮ್ಮಜ್ಜಿ ಹಳೇ ಬಂದರಿನವ್ರೇ. ಪೊಲೀಸ್ರು ಬಂದು ಮನೆ ಸೂರು ಕಿತ್ತು ಹಾಕಿದ್ರು. ಸ್ವಇಚ್ಛೆ ಅಂತೆ, ಮಣ್ಣು!"

ಕ್ಲಾಸು ಹೋ ಎಂದು ನಕ್ಕಿತು.

"ನನ್ ಮೇಲ್ಯಾಕೆ ರೇಗ್ತೀಯ? ಕೆಳಗೆ ವಿಳಾಸ ಇದೆ, ಬರೆದವ್ರಿಗೇ ಹೇಳು," ಅಂದಳು ಮೇಡಂ. "ಪುಸ್ತಕ ಆಗಿದ್ರೆ ಬಾಯಿ ಮುಚ್ಕೊಂಡು ಕೂರು ಅಂತಿದ್ದೆ."

ಹುಡುಗಿ ಅಜ್ಜಿಯ ಮಾತನ್ನು ಬರೆದು, ಅಜ್ಜಿಯ ಟ್ರಂಕಿನಲ್ಲಿದ್ದ ಮನೆ ಖಾಲಿ ಮಾಡುವ ನೋಟಿಸಿನ ಫೋಟೋ ತೆಗೆದು ಕಳಿಸಿದಳು. ತಿಂಗಳೊಳಗೆ ಬರೆದವರು ಇಂಟರ್ನೆಟ್ಟಿನಲ್ಲಿ ಪಾಠ ತಿದ್ದಿದರು. ಪೊಲೀಸರನ್ನು ಕರೆಸಿ ಬಲವಂತವಾಗಿ ಎಬ್ಬಿಸಲಾಯಿತು ಎಂದಾಯಿತು. ಹುಡುಗಿ ಕಾರಿಡಾರಿನಲ್ಲಿ ಓಡಿಬಂದು ಹೇಳಿದಳು. ಅವತ್ತು ಗಂಡನ ಮೊಣಕಾಲಿನ ಆಪರೇಷನ್. ಮೇಡಂ ರಜಾ ಚೀಟಿ ಹಿಡಿದು ಆಫೀಸಿಗೆ ಹೊರಟಿದ್ದಳು. "ಶಭಾಷ್ ಕಣೇ, ನೋಡ್ತೀನಿ," ಅಂದಳು.

ನೋಡಲಿಲ್ಲ. ಆಸ್ಪತ್ರೆ, ಮನೆ, ಕಾಲೇಜು ಅಂತ ಮೂರು ಕಡೆ ಓಡಾಡಿ ಅವಳ ಕಾಲೂ ಗಂಡನ ಕಾಲಿನ ಹಾಗೇ ಆಗಿತ್ತು. ಪ್ರಶ್ನೆಪತ್ರಿಕೆ ತೆಗೆಯುವಾಗ ಬೈಂಡನ್ನೇ ಮುಂದಿಟ್ಟುಕೊಂಡಳು. ಹಳೇ ಬಂದರಿನ ಜನ ಏಕೆ ಊರು ಬಿಟ್ಟರು, ಹದಿನೈದು ಅಂಕ. ಮಾದರಿ ಉತ್ತರವನ್ನೂ ಬೈಂಡಿನಿಂದಲೇ ಬರೆದು ಕೊಟ್ಟಳು.

ಉತ್ತರಪತ್ರಿಕೆ ತಿದ್ದಿದವರು ಬೇರೆ ಕಾಲೇಜಿನವರು. ಅವರು ಅಳಿವೆ ಸೀಮೆಯನ್ನು ಕಂಡವರೂ ಅಲ್ಲ, ಆ ಬರಹಗಳನ್ನು ಓದಿದವರೂ ಅಲ್ಲ. ಮಾದರಿ ಉತ್ತರದಲ್ಲಿ ಇದ್ದದ್ದಕ್ಕೆ ಅಂಕ, ಇಲ್ಲದ್ದಕ್ಕೆ ಸೊನ್ನೆ. ಜೆರಾಕ್ಸ್ ಓದಿದವರೆಲ್ಲ ದಾಟಿಕೊಂಡರು. ಫೋನಿನಲ್ಲಿ ತಿದ್ದಿದ ಪಾಠ ಓದಿದ ಹತ್ತೊಂಬತ್ತು ಜನಕ್ಕೆ ಆ ಪ್ರಶ್ನೆಗೆ ಸೊನ್ನೆ ಬಿತ್ತು. ಅವರಲ್ಲಿ ಹನ್ನೊಂದು ಜನ ಫೇಲು.

ಕಡೇ ಬೆಂಚಿನ ಹುಡುಗಿ ಸ್ಟಾಫ್‌ರೂಮಿಗೆ ಬಂದು ಫೋನನ್ನು ಮೇಜಿನ ಮೇಲಿಟ್ಟಳು. ಅಳುತ್ತಿರಲಿಲ್ಲ, ಉರಿಯುತ್ತಿದ್ದಳು.

"ನಾನೇ ತಿದ್ದಿಸಿದ ಪಾಠಕ್ಕೆ ನಂಗೇ ಸೊನ್ನೆ, ಮೇಡಂ. ಮುಂದಿನ ಓದಿಗೆ ಅರ್ಜಿ ಹಾಕೋಕೆ ಇನ್ನು ಹದಿನೈದೇ ದಿನ. ಅಜ್ಜಿಗೆ ಏನಂತ ಹೇಳ್ಲಿ?"

ಮೇಡಂ ಫೋನು, ಬೈಂಡು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಳು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. "ತಪ್ಪು ನಂದು. ಬರೆದು ಕೊಡ್ತೀನಿ, ನೀನು ಮನೆಗೆ ಹೋಗು," ಅಂದಳು.

ಹುಡುಗಿ ಹೋದ ಮೇಲೆ ವಿಭಾಗದ ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಬಂದರು. ಒಳ್ಳೆಯ ಮನುಷ್ಯ, ಹೆದರಿಕೆ ಮಾತ್ರ ಜಾಸ್ತಿ.

"ಮೇಡಂ, ಮರುಮೌಲ್ಯಮಾಪನಕ್ಕೆ ಹಾಕ್ಕೊಳ್ಲಿ ಬಿಡಿ. ಪರೀಕ್ಷಕರು ಸರಿಯಾಗಿ ನೋಡಿಲ್ಲ ಅಂದ್ರಾಯ್ತು. ನೀವ್ಯಾಕೆ ಕುತ್ತಿಗೆ ಕೊಡೋಕೆ ಹೋಗ್ತೀರಿ?"

"ಮತ್ತೆ ತಿದ್ದೋರೂ ನನ್ನ ಮಾದರಿ ಉತ್ತರಾನೇ ನೋಡ್ತಾರೆ ಸಾರ್. ಮತ್ತೆ ಸೊನ್ನೆನೇ."

"ತಪ್ಪು ನಂದು ಅಂತ ಕಾಗದ ಕೊಟ್ರೆ ನಿಮ್ಮ ಹನ್ನೆರಡು ಪಾಠಾನೂ ಹೋಗುತ್ತೆ. ಗೊತ್ತಲ್ವಾ?"

"ಗೊತ್ತು."

ಅವಳು ಹಾಳೆ ತೆಗೆದಳು. ನನಗೂ ತಡೆಯಲಾಗಲಿಲ್ಲ. "ಒಂದು ವಾರ ತಡಿಯೇ. ಅಧ್ಯಾಪಕರ ಸಂಘದಿಂದ ಮನವಿ ಕೊಡೋಣ, ಪಾಠಾನೂ ಉಳೀಲಿ, ಹುಡುಗ್ರೂ ಉಳೀಲಿ," ಅಂದೆ.

"ನಿಮ್ಮ ಸಂಘ ಮನವಿ ಬರೆದು ಮುಗ್ಸೋ ಹೊತ್ತಿಗೆ ಈ ಹುಡುಗೀನೇ ಅಜ್ಜಿ ಆಗಿರ್ತಾಳೆ. ಪೆನ್ನು ಕೊಡು ಇಲ್ಲಿ."

ಪೆನ್ನು ಕೊಟ್ಟೆ.

ಪರೀಕ್ಷಾ ವಿಭಾಗ ಮಾದರಿ ಉತ್ತರ ಬದಲಿಸಿ ಹತ್ತೊಂಬತ್ತು ಪತ್ರಿಕೆಗಳನ್ನು ಮತ್ತೆ ತಿದ್ದಿಸಿತು. ಹನ್ನೊಂದರಲ್ಲಿ ಒಂಬತ್ತು ಜನ ಪಾಸು, ಹುಡುಗಿಯೂ. ಉಳಿದಿಬ್ಬರು ಬೇರೆ ಪ್ರಶ್ನೆಗಳಿಗೂ ಏನೂ ಬರೆದಿರಲಿಲ್ಲ, ಅವರನ್ನು ಯಾವ ಚಳವಳಿಯೂ ಪಾಸು ಮಾಡಿಸಲಾರದು. ಆಮೇಲೆ ಪಠ್ಯ ಸಮಿತಿಯ ಸಭೆ. ಅವಳ ಕಾಗದವನ್ನು ದೊಡ್ಡ ಮೇಷ್ಟ್ರೇ ಓದಿದರು.

"ನೋಡಮ್ಮ, ನಿನ್ನ ಪಾಠಗಳು ಯಾವಾಗ ಬದಲಾಗ್ತವೆ ಅಂತ ನಿಂಗೇ ಗೊತ್ತಾಗಲ್ಲ. ನನ್ನ ಪುಸ್ತಕ ಹಾಗಲ್ಲ. ಇಪ್ಪತ್ತು ವರ್ಷದಿಂದ ಒಂದಕ್ಷರ ಬದಲಾಗಿಲ್ಲ."

"ಅದನ್ನೇ ಮೇಷ್ಟ್ರೇ ನಾನೂ ಹೇಳ್ತಿರೋದು."

ಯಾರೋ ಕೆಮ್ಮಿದರು. ವರ್ಷದ ಮೊದಲಿಗೆ ದಿನಾಂಕ ಹಾಕಿ ಒಂದು ಪ್ರತಿಯನ್ನು ಆಫೀಸಿನಲ್ಲಿಡೋಣ, ಪರೀಕ್ಷೆ ಅದರ ಮೇಲೇ ನಡೆಯಲಿ, ತಿದ್ದುಪಡಿ ಬಂದರೆ ನೋಟಿಸ್ ಬೋರ್ಡಿಗೆ ಹಾಕೋಣ ಎಂದು ಅವಳು ಹೇಳಿದಳು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಪುಸ್ತಕ ವಾಪಸ್ ಬಂತು, ರೈಲಿನ ಸಮೇತ.

ಹೊಸ ವರ್ಷದ ಎರಡನೇ ವಾರ ಹುಡುಗಿ ಅಂಕಪಟ್ಟಿ ತೆಗೆದುಕೊಂಡು ಹೋಗಲು ಬಂದಳು. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಮೇಡಂ ಆ ದಿನದ ಪಾಠ ನೋಡಿಕೊಳ್ಳುತ್ತಿದ್ದಳು. ಹುಡುಗಿ ಬಗ್ಗಿ ಓದಿದಳು.

"ಸ್ವಇಚ್ಛೆ ಮತ್ತೆ ಬಂತಲ್ಲ ಮೇಡಂ."

"ಬಂತು."

"ಇದನ್ನ ತಿದ್ದೋಕೆ ಯಾರಿಗೆ ಬರೀಬೇಕು?"

"ದೊಡ್ಡ ಮೇಷ್ಟ್ರಿಗೆ. ಹೊಸ ಮುದ್ರಣ ಬಂದಾಗ ನೋಡ್ತಾರಂತೆ."

"ಅದ್ಯಾವಾಗ ಬರುತ್ತೆ?"

"ಹಳೇ ಪ್ರತಿ ಖಾಲಿ ಆದ ಮೇಲೆ."

"ಆರು ಜನಕ್ಕೊಂದು ಕೊಂಡ್ರೆ ಅದ್ಯಾವ ಕಾಲಕ್ಕೆ ಖಾಲಿ ಆಗುತ್ತೆ?"

ಮೇಡಂ ನಗಲು ನೋಡಿದಳು, ಆಕಳಿಕೆ ಬಂತು. ಚೀಟಿಯಲ್ಲಿ ದೊಡ್ಡ ಮೇಷ್ಟ್ರ ಮನೆ ವಿಳಾಸ ಬರೆದು ಕೊಟ್ಟಳು. "ನೋಟಿಸಿನ ಜೆರಾಕ್ಸ್ ಇಡು. ಫೋಟೋ ಕಳಿಸ್ಬೇಡ, ಫೋನ್ ನೋಡಲ್ಲ ಅವ್ರು."

ಗಂಟೆ ಹೊಡೆಯಿತು. ಬೈಂಡು ಬೀರುವಿನ ಮೇಲಿತ್ತು. ಅತ್ತ ನೋಡದೆ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಎದ್ದು, ತರಗತಿಗೆ ನಡೆದಳು.